ಓಟಿ 26.7 ಎಲ್ಲಿ 26 ಆಯ್ತು? ಡಿಬಗ್ಗರ್ ಆರಿಸುವ ಮುಂಚೆ ಒಂದಿಷ್ಟು ಲೆಕ್ಕಾಚಾರ

ಅರೇಹಳ್ಳಿ ಸುತ್ತಮುತ್ತ ಕಾಫಿ ಬೆಳೆಯುವವರಿಗೆ ‘ಓಟಿ’ ಅಂದ್ರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಬೇರೆ ಊರುಗಳಲ್ಲಿ ಕಾಫಿ ಕುಡಿಯುತ್ತಾ ಇದನ್ನು ಓದುತ್ತಿರುವವರಿಗಾಗಿ ಹೇಳ್ತೀನಿ. ಓಟಿ ಅಂದ್ರೆ ಔಟ್‌ಟರ್ನ್. 50 ಕೆ.ಜಿ. ಚೀಲದಲ್ಲಿರುವ ಒಣಗಿದ ಚೆರ್ರಿಯ ಸಿಪ್ಪೆ ತೆಗೆದರೆ ಎಷ್ಟು ಕೆ.ಜಿ. ಬೀಜ ಸಿಗುತ್ತೆ ಅನ್ನೋ ಲೆಕ್ಕ. ಕೊಳ್ಳುವವರು ಚೀಲದಿಂದ ಒಂದು ಹಿಡಿ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಗಿ, ತೇವಾಂಶ ನೋಡಿ ಒಂದು ಸಂಖ್ಯೆ ಹೇಳ್ತಾರೆ. ಆ ಸಂಖ್ಯೆಯನ್ನು ಅವತ್ತಿನ ಬೀಜದ ದರದಿಂದ ಗುಣಿಸಿದರೆ ಒಂದು ಚೀಲದ ಬೆಲೆ. ಇಷ್ಟೇ. ಕಾಗದ, ಪೆನ್ನು ಇಲ್ಲದೆ ಬಾಯಲ್ಲೇ ಮಾಡುವ ಲೆಕ್ಕ ಇದು.

ಈ ಲೆಕ್ಕ ಈಗ ಕಂಪ್ಯೂಟರ್ ಒಳಗೂ ಕೂತಿದೆ. ಸಾಮಾನ್ಯವಾಗಿ ಎರಡು ಜಾಗದಲ್ಲಿ. ತೂಕದ ಯಂತ್ರದಿಂದ ಸಂಖ್ಯೆ ಓದುವ ಒಂದು ಪುಟ್ಟ ಪ್ರೋಗ್ರಾಂ ಇರುತ್ತೆ, ಹೆಚ್ಚಾಗಿ ಸಿ ಅಥವಾ ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದು ಕಂಪೈಲ್ ಮಾಡಿದ್ದು. ಬಿಲ್ ಹಾಕುವ ಭಾಗ ಡೇಟಾಬೇಸ್ ಒಳಗೆ ಸ್ಟೋರ್ಡ್ ಪ್ರೊಸೀಜರ್ ಆಗಿರುತ್ತೆ. ತಪ್ಪು ಬಂದಾಗ ಈ ಎರಡರಲ್ಲಿ ಯಾವುದರೊಳಗೆ ಬಂತು ಅಂತ ಹೊರಗಿನಿಂದ ಗೊತ್ತಾಗಲ್ಲ.

ಕಳೆದ ಕೊಯ್ಲಿನ ನಂತರ ನಮ್ಮ ದೊಡ್ಡಪ್ಪನಿಗೆ ಹಾಗೇ ಆಯ್ತು. 40 ಚೀಲ ರೋಬಸ್ಟಾ ಚೆರ್ರಿ ಕೊಟ್ಟಿದ್ರು. ಸ್ಯಾಂಪಲ್ ಚೀಟಿಯಲ್ಲಿ ಓಟಿ 26.7 ಅಂತಿತ್ತು. ಲೆಕ್ಕ ಸುಲಭವಾಗಲಿ ಅಂತ ದರ ಕೆ.ಜಿ.ಗೆ 400 ರೂಪಾಯಿ ಅಂತ ಇಟ್ಟುಕೊಳ್ಳಿ. ಚೀಲಕ್ಕೆ 10,680 ಬರಬೇಕು. ಬಿಲ್‌ನಲ್ಲಿ 10,400 ಇತ್ತು. ಚೀಲಕ್ಕೆ 280 ಕಮ್ಮಿ, 40 ಚೀಲಕ್ಕೆ 11,200. ದೊಡ್ಡಪ್ಪ ಬಿಲ್ ನೋಡಿ, ಚೀಟಿ ನೋಡಿ, ಸುಮ್ಮನೆ ಮಡಚಿ ಜೇಬಲ್ಲಿಟ್ಟುಕೊಂಡು ಬಂದರು. ಇಪ್ಪತ್ತು ವರ್ಷದಿಂದ ಅದೇ ಅಂಗಡಿಗೆ ಕಾಫಿ ಹಾಕ್ತಿದ್ದವರು. ಮನೆಗೆ ಬಂದು, ‘ಮುಂದಿನ ವರ್ಷದಿಂದ ಬೇರೆ ಕಡೆ ಹಾಕನ’ ಅಂದರು. ಸಂಜೆ ನನ್ನ ಹತ್ರ ಬಂದು, ‘ಕಂಪ್ಯೂಟರ್ ಓದಿದೀಯಲ್ಲ ಪುಟ್ಟಿ, ಇದು ಅವ್ರು ಮಾಡಿದ್ದೋ ಮಿಷಿನ್ ಮಾಡಿದ್ದೋ ನೋಡು’ ಅಂದರು.

ಅಂಗಡಿಯವರೂ ಗಾಬರಿ ಬಿದ್ದಿದ್ದರು. ಮೊದಲೆಲ್ಲ ಓಟಿಯನ್ನು ಕೈಯಲ್ಲೇ ಬರೆದು, ಬೆಲೆಯನ್ನೂ ಅವರೇ ಗುಣಿಸಿ ಹಾಕ್ತಿದ್ದರಂತೆ. ಹೊಸ ಸಾಫ್ಟ್‌ವೇರ್ ಬಂದ ಮೇಲೆ ಅದೇ ಗುಣಿಸ್ತಿದೆ. ಮಾಡಿಕೊಟ್ಟವರು ಇಬ್ಬರೇ ಹುಡುಗರ ಒಂದು ಚಿಕ್ಕ ತಂಡ. ಅವರು ಒಪ್ಪಿ ಡೇಟಾಬೇಸ್‌ನ ಬ್ಯಾಕಪ್ ಕೊಟ್ಟರು. ಪ್ರೊಸೀಜರ್ ಸುಮಾರು ಆರುನೂರು ಸಾಲು. ತೇವಾಂಶದ ಕಡಿತ, ಮುಂಗಡ, ಗೋಣಿಚೀಲದ ತೂಕ, ಕೂಲಿ, ಎಲ್ಲ ಒಂದೇ ಕಡೆ. ಕಣ್ಣಲ್ಲಿ ಓದಿ ಹುಡುಕೋದು ಸಾಧ್ಯ, ಆದರೆ ಹಬ್ಬದ ದಿನ ಇಡೀ ತೋಟದಲ್ಲಿ ಬಿದ್ದ ಉಂಗುರ ಹುಡುಕಿದ ಹಾಗೆ.

ಬ್ರೇಕ್‌ಪಾಯಿಂಟ್ ಇಟ್ಟು ಸಾಲು ಸಾಲಾಗಿ ನಡೆಸಿದಾಗ ಹತ್ತೇ ನಿಮಿಷದಲ್ಲಿ ಕಂಡಿತು. ಸ್ಯಾಂಪಲ್ ಟೇಬಲ್‌ನಲ್ಲಿ 26.7 ಸರಿಯಾಗೇ ಇದೆ. ಅದನ್ನು ಓದಿ ಇಟ್ಟುಕೊಳ್ಳುವ ವೇರಿಯಬಲ್ ಅನ್ನು ಇಂಟಿಜರ್ ಅಂತ ಘೋಷಿಸಿದ್ದಾರೆ. ಒಂದು ಸಾಲು ಮುಂದಕ್ಕೆ ಹೋದ ತಕ್ಷಣ ಪಕ್ಕದ ಕಿಟಕಿಯಲ್ಲಿ 26 ಅಂತ ಕೂತಿತ್ತು. ಯಾವ ಎರರ್ ಇಲ್ಲ, ಎಚ್ಚರಿಕೆ ಇಲ್ಲ.

ಇಲ್ಲೊಂದು ವಿಚಿತ್ರ ಇದೆ, ಗಮನಿಸಿ. ಆ ಡೇಟಾಬೇಸ್ ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್. ಅದು ದಶಮಾಂಶವನ್ನು ಇಂಟಿಜರ್‌ಗೆ ಹಾಕುವಾಗ ಬಾಲ ಕತ್ತರಿಸಿಬಿಡುತ್ತೆ. ಸಿ ಭಾಷೆಯೂ ಹಾಗೇ. ಅದೇ ಪ್ರೊಸೀಜರ್ ಪೋಸ್ಟ್‌ಗ್ರೆಸ್, ಆರಕಲ್ ಅಥವಾ ಮೈಎಸ್‌ಕ್ಯೂಎಲ್‌ನಲ್ಲಿ ಇದ್ದಿದ್ದರೆ 26.7 ಅನ್ನು 27 ಮಾಡ್ತಿತ್ತು. ಆಗ ಚೀಲಕ್ಕೆ 120 ರೂಪಾಯಿ ಜಾಸ್ತಿ, 40 ಚೀಲಕ್ಕೆ 4,800 ರೂಪಾಯಿ ಅಂಗಡಿಯವರ ಕೈಯಿಂದ ಹೋಗ್ತಿತ್ತು. ಬೆಳೆಗಾರರು ಯಾರಾದರೂ ಬಂದು ಹೇಳ್ತಿದ್ದರಾ, ಗೊತ್ತಿಲ್ಲ!

ತಪ್ಪು ಹುಡುಕಿದ್ದು ಹತ್ತು ನಿಮಿಷ. ಯಾವ ಸಲಕರಣೆ ಬಳಸೋದು, ಎಲ್ಲಿ ಹಾಕೋದು ಅಂತ ಹೊಂದಿಸಿಕೊಳ್ಳೋಕೆ ಎರಡು ಸಂಜೆ ಹೋಯ್ತು. ಈ ಸಲದ ಅಂಕಣ ಆ ಎರಡು ಸಂಜೆಗಳ ಬಗ್ಗೆ.

ಮೊದಲಿಗೆ, ಗ್ರಾಫಿಕಲ್ ಡಿಬಗ್ಗರ್ ಅಂದ್ರೆ ಎಲ್ಲದರಲ್ಲೂ ಸರಿಸುಮಾರು ಒಂದೇ ಮುಖ. ಎಡಗಡೆ ಕೆಂಪು ಚುಕ್ಕೆ, ಹಳದಿ ಬಣ್ಣದ ಸಾಲು, ಕೆಳಗೆ ವೇರಿಯಬಲ್‌ಗಳ ಪಟ್ಟಿ, ಪಕ್ಕದಲ್ಲಿ ಯಾರು ಯಾರನ್ನು ಕರೆದರು ಅನ್ನೋ ಕಾಲ್ ಸ್ಟ್ಯಾಕ್. ಹಾಗಾಗಿ ಸ್ಕ್ರೀನ್‌ಶಾಟ್ ನೋಡಿ ಆರಿಸೋದು ಸೀರೆಯ ಡಬ್ಬ ನೋಡಿ ಸೀರೆ ಆರಿಸಿದ ಹಾಗೆ. ನಾನು ನೋಡೋದು ಎರಡೇ ವಿಷಯ. ನನ್ನ ಲ್ಯಾಪ್‌ಟಾಪ್‌ಗೂ ಆ ಪ್ರೋಗ್ರಾಂ ಓಡುವ ಜಾಗಕ್ಕೂ ನಡುವೆ ದಾರಿ ಹೇಗಿದೆ? ನಾನು ಬ್ರೇಕ್‌ಪಾಯಿಂಟ್‌ನಲ್ಲಿ ನಿಲ್ಲಿಸಿದಾಗ ಇನ್ನು ಯಾರು ಯಾರು ನನಗೋಸ್ಕರ ಕಾಯ್ತಾ ನಿಲ್ತಾರೆ?

ಡೇಟಾಬೇಸ್ ವಿಷಯದಲ್ಲಿ ನಿಮಗೆ ಆಯ್ಕೆ ಅಂತ ಇರೋದೇ ಕಮ್ಮಿ. ಡೇಟಾಬೇಸ್ ಯಾವುದೋ, ಅದೇ ಅರ್ಧ ತೀರ್ಮಾನ ಮಾಡಿರುತ್ತೆ.

ಎಸ್‌ಕ್ಯೂಎಲ್ ಸರ್ವರ್‌ನವರಿಗೆ ಮೊದಲು ಒಂದು ಸುಖ ಇತ್ತು. ದಿನಾ ತೆರೆಯುವ ಮ್ಯಾನೇಜ್‌ಮೆಂಟ್ ಸ್ಟುಡಿಯೋದಲ್ಲೇ ಡಿಬಗ್ ಬಟನ್ ಇತ್ತು. 2019ರಲ್ಲಿ ಬಂದ 18ನೇ ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದರು. ಹಳೆಯ ಪುಸ್ತಕ, ಹಳೆಯ ವಿಡಿಯೋ ನೋಡಿ ಆ ಬಟನ್ ಹುಡುಕುತ್ತಾ ಅರ್ಧ ದಿನ ಕಳೆಯುವ ಹೊಸಬರನ್ನು ನಾನು ನೋಡಿದ್ದೀನಿ. ಈಗ ಅದು ಬೇಕಂದ್ರೆ ವಿಷುಯಲ್ ಸ್ಟುಡಿಯೋದ ಒಳಗಿನ ಡೇಟಾ ಟೂಲ್ಸ್‌ಗೆ ಹೋಗಬೇಕು, ಇಲ್ಲವೇ ದುಡ್ಡು ಕೊಟ್ಟು ಡಿಬಿಫೋರ್ಜ್ ಥರದ್ದು ಕೊಳ್ಳಬೇಕು. ವಿಷುಯಲ್ ಸ್ಟುಡಿಯೋದಲ್ಲಿ ಒಂದು ಷರತ್ತಿದೆ. ನಿಮ್ಮ ಲಾಗಿನ್ ಸರ್ವರ್‌ನಲ್ಲಿ ಸಿಸ್‌ಅಡ್ಮಿನ್ ಆಗಿರಬೇಕು. ಅಂದ್ರೆ ಮನೆಯ ಎಲ್ಲಾ ಬೀಗದ ಕೈ ನಿಮ್ಮ ಸೊಂಟದಲ್ಲಿ! ದೊಡ್ಡ ಕಂಪನಿಯಲ್ಲಿ ಯಾವ ಡಿಬಿಎ ಕೂಡ ಇದನ್ನು ಕೊಡಲ್ಲ, ಕೊಡಲೂಬಾರದು.

ಇದಕ್ಕೆ ನಾನು ಮಾಡಿದ್ದು ಸರಳ. ಎಸ್‌ಕ್ಯೂಎಲ್ ಸರ್ವರ್‌ನ ಡೆವಲಪರ್ ಎಡಿಷನ್ ಉಚಿತ, ವ್ಯವಹಾರಕ್ಕೆ ಬಳಸಬಾರದು ಅಷ್ಟೇ, ಪರೀಕ್ಷೆಗೆ ಬಳಸಬಹುದು. ಅದನ್ನು ನನ್ನ ಲ್ಯಾಪ್‌ಟಾಪ್‌ನಲ್ಲಿ ಹಾಕಿ, ಅಂಗಡಿಯ ಬ್ಯಾಕಪ್ ಅನ್ನು ಅದರಲ್ಲಿ ರಿಸ್ಟೋರ್ ಮಾಡಿದೆ. ನನ್ನ ಲ್ಯಾಪ್‌ಟಾಪ್‌ಗೆ ನಾನೇ ಸಿಸ್‌ಅಡ್ಮಿನ್. ಎಷ್ಟು ಹೊತ್ತು ಬೇಕಾದ್ರೂ ನಿಲ್ಲಿಸಿಕೊಂಡು, ನಡುವೆ ಎದ್ದು ಹೋಗಿ ಅಕ್ಕಿರೊಟ್ಟಿ ತಿಂದು ಬಂದರೂ ಯಾರ ಬಿಲ್ಲೂ ನಿಲ್ಲಲ್ಲ. ಆದರೆ ಬ್ಯಾಕಪ್‌ನಲ್ಲಿ ಊರವರ ಹೆಸರು, ಫೋನ್ ನಂಬರ್, ಬ್ಯಾಂಕ್ ಖಾತೆ ಎಲ್ಲ ಇರುತ್ತೆ. ಕೊಡುವ ಮುಂಚೆ ಅದನ್ನೆಲ್ಲ ಅಳಿಸಿಯೇ ಕೊಡಿ ಅಂತ ಕೇಳಿಕೊಂಡೆ. ಆಫೀಸಿನ ಡೇಟಾ ಆದರೆ ಅನುಮತಿ ಇಲ್ಲದೆ ಮನೆಯ ಯಂತ್ರಕ್ಕೆ ತರೋ ಮಾತೇ ಬೇಡ.

ಆರಕಲ್ ಕಥೆ ಇನ್ನೂ ಸ್ವಾರಸ್ಯ. ಎಸ್‌ಕ್ಯೂಎಲ್ ಡೆವಲಪರ್ ಅನ್ನೋ ಸಲಕರಣೆ ಉಚಿತ, ಚೆನ್ನಾಗಿಯೂ ಇದೆ. ಪ್ರೊಸೀಜರನ್ನು ‘ಕಂಪೈಲ್ ಫಾರ್ ಡಿಬಗ್’ ಅಂತ ಮತ್ತೆ ಕಂಪೈಲ್ ಮಾಡಿ, ಕೆಂಪು ಚುಕ್ಕೆ ಇಟ್ಟು, ಡಿಬಗ್ ಒತ್ತಿ. ಬೆಂಗಳೂರಿನ ಆಫೀಸಲ್ಲಿ ಕೂತಾಗ ಕೆಲಸ ಮಾಡುತ್ತೆ. ಅರೇಹಳ್ಳಿಗೆ ಬಂದು ಫೋನಿನ ಹಾಟ್‌ಸ್ಪಾಟ್‌ನಿಂದ ಅದೇ ಬಟನ್ ಒತ್ತಿದರೆ ಸುಮ್ಮನೆ ತಿರುಗುತ್ತಾ ಕೂರುತ್ತೆ. ಕ್ವೆರಿಗಳೆಲ್ಲ ಚೆನ್ನಾಗಿ ಓಡ್ತಿರುತ್ತವೆ, ಡಿಬಗ್ ಮಾತ್ರ ಇಲ್ಲ. ಯಾಕೆ?

ಅದು ಮಿಸ್ಡ್ ಕಾಲ್ ಪದ್ಧತಿ. ಜೆಡಿಡಬ್ಲ್ಯುಪಿ ಅನ್ನೋ ವ್ಯವಸ್ಥೆಯಲ್ಲಿ ನಿಮ್ಮ ಲ್ಯಾಪ್‌ಟಾಪ್ ಒಂದು ಪೋರ್ಟ್ ತೆರೆದು ಕಾಯ್ತಾ ಕೂರುತ್ತೆ. ಡೇಟಾಬೇಸ್ ಸರ್ವರ್ ಅಲ್ಲಿಂದ ನಿಮಗೆ ವಾಪಸ್ ಕರೆ ಮಾಡಬೇಕು. ಆಫೀಸಿನ ಒಳಗೆ ಇಬ್ಬರಿಗೂ ಒಬ್ಬರ ನಂಬರ್ ಒಬ್ಬರಿಗೆ ಗೊತ್ತು. ಮೊಬೈಲ್ ನೆಟ್‌ವರ್ಕ್‌ನಲ್ಲಿ ಸಾಮಾನ್ಯವಾಗಿ ನಿಮ್ಮ ಲ್ಯಾಪ್‌ಟಾಪ್‌ಗೆ ಹೊರಗಿನವರು ಕರೆಯಬಹುದಾದ ಸ್ವಂತ ವಿಳಾಸವೇ ಇರಲ್ಲ. ನೂರಾರು ಜನ ಒಂದೇ ವಿಳಾಸದ ಹಿಂದೆ ಇರ್ತಾರೆ. ವಿಪಿಎನ್ ಇದ್ದರೂ ಎಷ್ಟೋ ಕಡೆ ಒಳಗಿನಿಂದ ಹೊರಗೆ ಬರುವ ಈ ಕರೆಯನ್ನು ಫೈರ್‌ವಾಲ್ ತಡೆಯುತ್ತೆ. ಸಾಲದ್ದಕ್ಕೆ 12ಸಿ ಆವೃತ್ತಿಯಿಂದ ಈಚೆಗೆ ಡೇಟಾಬೇಸ್ ಒಳಗೂ ಒಂದು ಕಾವಲು ಇದೆ. ಇಂಥ ಬಳಕೆದಾರ ಇಂಥ ವಿಳಾಸಕ್ಕೆ ಡಿಬಗ್ ಕರೆ ಮಾಡಬಹುದು ಅಂತ ಡಿಬಿಎ ಪಟ್ಟಿಯಲ್ಲಿ ಸೇರಿಸದೆ ಇದ್ದರೆ ಓಆರ್‌ಎ-24247 ಅನ್ನೋ ಎರರ್ ಬರುತ್ತೆ. ಈ ಸಂಖ್ಯೆ ಕಂಡರೆ ನಿಮ್ಮ ಕೋಡ್ ಕೆದಕಬೇಡಿ, ತಪ್ಪು ಅಲ್ಲಿಲ್ಲ.

ಪಿಎಲ್/ಎಸ್‌ಕ್ಯೂಎಲ್ ಡೆವಲಪರ್, ಟೋಡ್ ಇಂಥ ದುಡ್ಡು ಕೊಡಬೇಕಾದ ಸಲಕರಣೆಗಳು ಡಿಬಿಎಂಎಸ್ ಡಿಬಗ್ ಅನ್ನೋ ಹಳೆಯ ದಾರಿಯನ್ನು ಬಳಸಬಲ್ಲವು. ಅದರಲ್ಲಿ ವಾಪಸ್ ಕರೆ ಇಲ್ಲ, ನೀವು ಮಾಡಿಕೊಂಡ ಮಾಮೂಲಿ ಸಂಪರ್ಕದಲ್ಲೇ ಎಲ್ಲ ನಡೆಯುತ್ತೆ. ಮಲೆನಾಡಿನಿಂದ ಕೆಲಸ ಮಾಡುವ ಆರಕಲ್‌ನವರು ಕಂಪನಿಯ ಹತ್ರ ಲೈಸೆನ್ಸ್ ಕೇಳುವುದಾದರೆ, ಬಣ್ಣ, ಫಾಂಟ್ ಬಿಟ್ಟು, ಈ ಕಾರಣ ಹೇಳಿ ಕೇಳಿ. ಮ್ಯಾನೇಜರ್‌ಗೂ ಅರ್ಥ ಆಗುತ್ತೆ.

ಪೋಸ್ಟ್‌ಗ್ರೆಸ್‌ನಲ್ಲಿ ಪಿಜಿಅಡ್ಮಿನ್ ಒಳಗೇ ಡಿಬಗ್ಗರ್ ಇದೆ, ಉಚಿತ. ಆದರೆ ಸರ್ವರ್ ಕಡೆ ಪಿಎಲ್‌ಡಿಬಗ್ಗರ್ ಅನ್ನೋ ಎಕ್ಸ್‌ಟೆನ್ಷನ್ ಬೇಕು. ಅದನ್ನು ಸರ್ವರ್ ಶುರುವಾಗುವಾಗಲೇ ಲೋಡ್ ಮಾಡಬೇಕಾದ ಲೈಬ್ರರಿಗಳ ಪಟ್ಟಿಗೆ ಸೇರಿಸಿ, ಸರ್ವರನ್ನು ಒಂದು ಸಲ ನಿಲ್ಲಿಸಿ ಎಬ್ಬಿಸಬೇಕು. ಕ್ಲೌಡ್‌ನಲ್ಲಿ ಬಾಡಿಗೆಗೆ ತಗೊಂಡ ಡೇಟಾಬೇಸ್ ಆದರೆ ಅವರು ಅನುಮತಿಸಿದ ಎಕ್ಸ್‌ಟೆನ್ಷನ್ ಪಟ್ಟಿಯಲ್ಲಿ ಇದು ಇದೆಯಾ ಅಂತ ಮೊದಲು ನೋಡಿ. ಪಿಜಿಅಡ್ಮಿನ್‌ನ ಮೆನುವಿನಲ್ಲಿ ಎರಡು ಆಯ್ಕೆ ಅಕ್ಕಪಕ್ಕ ಇರುತ್ತವೆ: ‘ಡಿಬಗ್’ ಮತ್ತು ‘ಸೆಟ್ ಬ್ರೇಕ್‌ಪಾಯಿಂಟ್’. ಮೊದಲನೆಯದು ನೀವೇ ಕರೆದ ಫಂಕ್ಷನ್ ಅನ್ನು ಮಾತ್ರ ನಿಲ್ಲಿಸುತ್ತೆ. ಎರಡನೆಯದು ಬಲೆ ಹಾಕಿ ಕೂತ ಹಾಗೆ. ಬೇರೆ ಯಾವ ಸೆಷನ್ ಬಂದು ಆ ಫಂಕ್ಷನ್ ಕರೆದರೂ ಸಿಕ್ಕಿಬೀಳುತ್ತೆ. ಆ ಕ್ಷಣ ಯಾವುದೋ ಊರಲ್ಲಿ ಯಾರದೋ ಫೋನಲ್ಲಿ ಚಕ್ರ ತಿರುಗ್ತಾ ನಿಂತಿರುತ್ತೆ.

ಮೈಎಸ್‌ಕ್ಯೂಎಲ್ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಡೇಟಾಬೇಸ್ ಒಳಗೆ ಡಿಬಗ್‌ಗೆ ಅಂತ ವ್ಯವಸ್ಥೆಯೇ ಇಲ್ಲದ ಕಾರಣ ಸಲಕರಣೆ ಮಾಡುವವರು ತಮ್ಮದೇ ಉಪಾಯ ಹೂಡಬೇಕು. ಡಿಬಿಫೋರ್ಜ್ ಸ್ಟುಡಿಯೋ ಸರ್ವರ್‌ನಲ್ಲಿ ತನ್ನದೇ ಡಿಬಗ್ ಎಂಜಿನ್ ಸ್ಥಾಪಿಸಿ ಪ್ರೊಸೀಜರನ್ನು ಡಿಬಗ್‌ಗೆ ತಕ್ಕಂತೆ ಮತ್ತೆ ಕಂಪೈಲ್ ಮಾಡುತ್ತೆ. ನಾನಾದರೆ ಒಂದು ಲಾಗ್ ಟೇಬಲ್ ಮಾಡಿ, ನಡುನಡುವೆ ಬೆಲೆಗಳನ್ನು ಅದರಲ್ಲಿ ಬರೆಸಿ ನೋಡ್ತೀನಿ.

ಈಗ ಕಾಯುವವರ ವಿಷಯ. ಪ್ರೊಸೀಜರ್ ನಡುವೆ ನೀವು ನಿಂತಾಗ ಟ್ರಾನ್ಸಾಕ್ಷನ್ ಕೂಡ ಅರ್ಧಕ್ಕೆ ನಿಂತಿರುತ್ತೆ. ಅದು ಬದಲಾಯಿಸಿದ ಸಾಲುಗಳ ಮೇಲೆ ಬೀಗ ಇರುತ್ತೆ. ಎಸ್‌ಕ್ಯೂಎಲ್ ಸರ್ವರ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಆ ಸಾಲನ್ನು ಓದಲು ಬಂದವರೂ ಕಾಯಬೇಕು. ಪೋಸ್ಟ್‌ಗ್ರೆಸ್, ಆರಕಲ್‌ನಲ್ಲಿ ಓದುವವರು ಹಳೆಯ ಬೆಲೆ ನೋಡಿಕೊಂಡು ಮುಂದೆ ಹೋಗ್ತಾರೆ, ಅದೇ ಸಾಲನ್ನು ಬದಲಾಯಿಸಲು ಬಂದವರು ಮಾತ್ರ ನಿಲ್ತಾರೆ. ಕೊಯ್ಲಿನ ಕಾಲದಲ್ಲಿ ಅಂಗಡಿ ಮುಂದೆ ಪಿಕಪ್ ಗಾಡಿಗಳು ಸಾಲಾಗಿ ನಿಂತಿರುವಾಗ ಯಾರೋ ಎಂಜಿನಿಯರ್ ‘ಒಂದ್ನಿಮಿಷ, ನೋಡ್ತೀನಿ’ ಅಂತ ಅಸಲಿ ಡೇಟಾಬೇಸ್‌ಗೆ ಬ್ರೇಕ್‌ಪಾಯಿಂಟ್ ಹಾಕಿದರೆ ಏನಾಗುತ್ತೆ ಊಹಿಸಿ.

ಇದಕ್ಕೆ ನಮ್ಮ ಕರೆಂಟ್ ಸೇರಿದರೆ ಇನ್ನೂ ಚೆಂದ. ಜೂನ್, ಜುಲೈನಲ್ಲಿ ಗಾಳಿ ಬಂದು ಮರ ಲೈನ್ ಮೇಲೆ ಬಿದ್ದರೆ ಯಾವಾಗ ಬರುತ್ತೋ ಯಾರಿಗೂ ಗೊತ್ತಿಲ್ಲ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ವೈಫೈ ರೂಟರ್‌ಗೆ ಇಲ್ಲ. ನೀವು ಬ್ರೇಕ್‌ಪಾಯಿಂಟ್‌ನಲ್ಲಿ ನಿಂತಿದ್ದೀರಿ, ಸಂಪರ್ಕ ಕಡಿದುಹೋಯ್ತು. ನೀವು ‘ಹೋಗ್ತೀನಿ’ ಅಂತ ಹೇಳಿ ಹೋಗಿಲ್ಲ, ಹಾಗಾಗಿ ಸರ್ವರ್ ನೀವಿನ್ನೂ ಇದ್ದೀರಿ ಅಂತಲೇ ನಂಬಿಕೊಂಡಿರಬಹುದು. ಲಿನಕ್ಸ್‌ನಲ್ಲಿ ಸುಮ್ಮನಿರುವ ಸಂಪರ್ಕ ಜೀವಂತ ಇದೆಯಾ ಅಂತ ಮೊದಲ ಸಲ ವಿಚಾರಿಸೋ ಅವಧಿ, ಯಾರೂ ಬದಲಾಯಿಸದಿದ್ದರೆ, 7,200 ಸೆಕೆಂಡ್. ಎರಡು ಗಂಟೆ! ಅಷ್ಟು ಹೊತ್ತು ಬೀಗ ಅಲ್ಲೇ ಉಳಿಯಬಹುದು. ಕೊನೆಗೆ ಯಾರೋ ಡಿಬಿಎ ನಿದ್ದೆಯಿಂದೆದ್ದು ನಿಮ್ಮ ಸೆಷನ್ ಹುಡುಕಿ ಕೊಲ್ಲಬೇಕು. ಅದಕ್ಕೇ ನಾನು ಹೇಳೋದು: ಡೇಟಾಬೇಸ್ ಡಿಬಗ್ಗರ್ ಎಷ್ಟೇ ಚೆನ್ನಾಗಿರಲಿ, ಅದರ ಜಾಗ ನಕಲು ಡೇಟಾಬೇಸ್. ಅಸಲಿ ಕಡೆ ಲಾಗ್ ಟೇಬಲ್ ಸಾಕು.

ಇನ್ನು ಕಂಪೈಲ್ ಆದ ಪ್ರೋಗ್ರಾಂ. ಇಲ್ಲಿ ಆಯ್ಕೆ ಬೇಕಾದಷ್ಟಿದೆ. ಆದರೆ ಸಲಕರಣೆ ಯಾವುದೇ ಇರಲಿ, ಅದಕ್ಕೆ ಕಾಣಿಸೋದು ಕಂಪೈಲ್ ಮಾಡುವಾಗ ನೀವು ಉಳಿಸಿಟ್ಟಿದ್ದು ಮಾತ್ರ.

ಬೇಲೂರಿಗೆ ಹೋದವರು ಮದನಿಕೆಯರನ್ನು ನೋಡಿ ಬರ್ತೀರಿ. ಹೊಯ್ಸಳರ ಶಿಲ್ಪಿಗಳು ತಮ್ಮ ಹೆಸರು ಕೆತ್ತಿ ಹೋಗಿದ್ದಾರೆ ಅನ್ನೋದು ಗೊತ್ತಲ್ಲ? ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಒಂಬೈನೂರು ವರ್ಷದ ಮೇಲೂ ಇದನ್ನು ಮಾಡಿದವರು ಇಂಥವರು ಅಂತ ನಾವು ಹೇಳಬಲ್ಲೆವು, ಯಾಕಂದ್ರೆ ಹೆಸರು ಕಲ್ಲಲ್ಲೇ ಇದೆ. ಹೆಸರಿಲ್ಲದ ಎಷ್ಟೋ ದೇವಸ್ಥಾನಗಳ ಬಗ್ಗೆ ಊಹೆ ಮಾತ್ರ. ಕಂಪೈಲರ್‌ಗೆ ಹೈಫನ್-ಜಿ ಅನ್ನೋ ಪುಟ್ಟ ಸೂಚನೆ ಕೊಟ್ಟರೆ ಅದು ಇದೇ ಕೆಲಸ ಮಾಡುತ್ತೆ. ಯಂತ್ರಭಾಷೆಯ ಈ ತುಂಡು ಯಾವ ಫೈಲಿನ ಎಷ್ಟನೇ ಸಾಲಿನದು, ಈ ಜಾಗದಲ್ಲಿರೋ ಸಂಖ್ಯೆಯ ಹೆಸರೇನು ಅಂತ ಕೆತ್ತಿಡುತ್ತೆ. ಅದಿಲ್ಲದೆ ಎಷ್ಟು ದುಬಾರಿ ಡಿಬಗ್ಗರ್ ತಂದರೂ ಕಾಣೋದು ಬರೀ ವಿಳಾಸಗಳ ಸಾಲು.

ವೇಗಕ್ಕೆ ಅಂತ ಓ-2 ಹಾಕಿ ಕಂಪೈಲ್ ಮಾಡಿದ್ದರೆ ಹೆಸರು ಇದ್ದರೂ ಎಷ್ಟೋ ವೇರಿಯಬಲ್ ಮೇಲೆ ಬೆರಳಿಟ್ಟಾಗ ‘ಆಪ್ಟಿಮೈಸ್ಡ್ ಔಟ್’ ಅಂತ ಬರುತ್ತೆ, ಸಾಲುಗಳು ಹಿಂದೆ ಮುಂದೆ ಹಾರುತ್ತವೆ. ಸಲಕರಣೆ ಕೆಟ್ಟಿಲ್ಲ. ಕಂಪೈಲರ್ ಅದನ್ನು ಅನಗತ್ಯ ಅಂತ ತೆಗೆದಿದೆ. ಡಿಬಗ್ ಮಾಡುವಾಗ ಓ-0, ಇಲ್ಲವೇ ಓ-ಜಿ ಹಾಕಿ ಬೇರೆ ಒಂದು ಬಿಲ್ಡ್ ಇಟ್ಟುಕೊಳ್ಳಿ. ಗ್ರಾಹಕರಿಗೆ ಕೊಡುವ ಬಿಲ್ಡ್‌ನಿಂದ ಈ ಹೆಸರುಗಳನ್ನು ತೆಗೆದು ಹಗುರ ಮಾಡಿ ಕಳಿಸುವುದು ವಾಡಿಕೆ. ಕಳಿಸಿ, ಆದರೆ ತೆಗೆದ ಹೆಸರಿನ ಫೈಲನ್ನು ನಿಮ್ಮ ಹತ್ರ ಜೋಪಾನ ಮಾಡಿ. ವಿಂಡೋಸ್‌ನಲ್ಲಿ ಅದು ಪಿಡಿಬಿ ಫೈಲ್. ಮುಂದೆ ಎಂದಾದರೂ ಆ ಪ್ರೋಗ್ರಾಂ ಬಿದ್ದಾಗ ಅದೊಂದೇ ಆಸರೆ.

ವಿಂಡೋಸ್ ಪ್ರೋಗ್ರಾಂ ಆದರೆ ನಾನು ಬೇರೆ ಯೋಚನೆಯೇ ಮಾಡಲ್ಲ, ವಿಷುಯಲ್ ಸ್ಟುಡಿಯೋ. ಕಮ್ಯುನಿಟಿ ಆವೃತ್ತಿ ಒಬ್ಬೊಬ್ಬರಾಗಿ ಕೆಲಸ ಮಾಡುವವರಿಗೆ, ವಿದ್ಯಾರ್ಥಿಗಳಿಗೆ ಉಚಿತ. ಸಣ್ಣ ಸಂಸ್ಥೆಗಳಲ್ಲಿ ಐದು ಜನರ ತನಕ ಬಳಸಬಹುದು. ದೊಡ್ಡ ಕಂಪನಿಯಲ್ಲಿದ್ದು ಅದನ್ನೇ ಹಾಕಿಕೊಂಡರೆ ಲೈಸೆನ್ಸ್ ಉಲ್ಲಂಘನೆ ಆಗುತ್ತೆ, ಎಚ್ಚರ. ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ್‍ಯಾಮ್ ಇದ್ದು ಕ್ರೋಮ್‌ನಲ್ಲಿ ನಲವತ್ತು ಟ್ಯಾಬ್ ತೆರೆದಿಟ್ಟುಕೊಳ್ಳುವವರಿಗೆ ಸ್ವಲ್ಪ ಉಸಿರು ಕಟ್ಟುತ್ತೆ.

ಲಿನಕ್ಸ್‌ನಲ್ಲಿ ಕಥೆ ಬೇರೆ. ಅಲ್ಲಿ ಎಂಜಿನ್ ಹೆಚ್ಚಾಗಿ ಒಂದೇ, ಜಿಡಿಬಿ. ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದದ್ದು, ಈಗಲೂ ದುಡಿಯುತ್ತಿದೆ. ಮುಖ ಮಾತ್ರ ಬೇರೆ ಬೇರೆ. ನಮ್ಮ ಸೀನಿಯರ್‌ಗಳು ನೆನಪಿಸಿಕೊಳ್ಳುವ ಡಿಡಿಡಿ, ಕ್ಯೂಟಿ ಕ್ರಿಯೇಟರ್, ಎಕ್ಲಿಪ್ಸ್, ಬ್ರೌಸರ್‌ನಲ್ಲೇ ತೆರೆಯುವ ಜಿಡಿಬಿಜಿಯುಐ, ವಿಎಸ್ ಕೋಡ್, ಸಿಲಯನ್, ಎಲ್ಲವೂ ಜಿಡಿಬಿಯನ್ನು ಒಳಗಿಟ್ಟುಕೊಂಡು ಕೆಲಸ ಮಾಡಬಲ್ಲವು. ಇವುಗಳಲ್ಲಿ ಸಿಲಯನ್ ಮೊದಲು ಪೂರ್ತಿ ದುಡ್ಡಿನದು. 2025ರ ಮೇ ತಿಂಗಳಿಂದ ವಾಣಿಜ್ಯೇತರ ಬಳಕೆಗೆ ಉಚಿತ ಮಾಡಿದ್ದಾರೆ. ಕಲಿಯುವವರು ಧಾರಾಳವಾಗಿ ಹಾಕಿಕೊಳ್ಳಬಹುದು, ಆಫೀಸ್ ಕೆಲಸಕ್ಕೆ ಆಗಲ್ಲ.

ಊರಿನಿಂದ ಕೆಲಸ ಮಾಡುವವರಿಗೆ ನಾನು ಹೇಳೋದು ವಿಎಸ್ ಕೋಡ್ ಮತ್ತು ಅದರ ರಿಮೋಟ್ ಎಸ್‌ಎಸ್‌ಎಚ್. ಕಾರಣ ಮತ್ತೆ ದಾರಿಯೇ. ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ದೂರದ ಯಂತ್ರದ ಇಡೀ ಪರದೆ ಚಿತ್ರವಾಗಿ ನಿಮ್ಮ ತನಕ ಬರಬೇಕು. ಮಳೆ ದಿನ ಒಂದು ಕ್ಲಿಕ್ ಮಾಡಿ, ಹೋಗಿ ಕಾಫಿ ಬೆರೆಸಿಕೊಂಡು ಬರಬಹುದು. ರಿಮೋಟ್ ಎಸ್‌ಎಸ್‌ಎಚ್‌ನಲ್ಲಿ ಡಿಬಗ್ಗರ್ ಸರ್ವರ್‌ನಲ್ಲೇ ಓಡುತ್ತೆ, ಪರದೆ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಮೂಡುತ್ತೆ. ನಡುವೆ ಹೋಗಿಬರೋದು ‘26ನೇ ಸಾಲಲ್ಲಿ ನಿಂತಿದೆ, ಇದರ ಬೆಲೆ ಇಷ್ಟು’ ಅನ್ನೋವಷ್ಟು ಸಣ್ಣ ಮಾತು. ನೆಟ್‌ವರ್ಕ್ ಅದಕ್ಕಿಂತಲೂ ಕೆಟ್ಟಿದ್ದರೆ ಟಿಮಕ್ಸ್ ಒಳಗೆ ಜಿಡಿಬಿಯ ಟಿಯುಐ ತೆರೆಯಿರಿ. ಅಕ್ಷರಗಳಲ್ಲೇ ಬಿಡಿಸಿದ ಕಿಟಕಿ, ನೋಡಲು ಏನೂ ಚೆಂದವಿಲ್ಲ. ಆದರೆ ಸಂಪರ್ಕ ಕಡಿದರೂ ಟಿಮಕ್ಸ್ ಅದನ್ನು ಸರ್ವರ್‌ನಲ್ಲೇ ಹಿಡಿದಿಟ್ಟಿರುತ್ತೆ. ಕರೆಂಟ್ ಬಂದ ಮೇಲೆ ಮತ್ತೆ ಸೇರಿಕೊಂಡರೆ ಬಿಟ್ಟ ಸಾಲಿನಲ್ಲೇ ನಿಂತಿರುತ್ತೆ.

ಕಾಯುವವರ ಪ್ರಶ್ನೆ ಇಲ್ಲಿ ತಿರುವುಮುರುವು. ತೂಕದ ಯಂತ್ರದಿಂದ ಸೀರಿಯಲ್ ಪೋರ್ಟ್‌ನಲ್ಲಿ ಸಂಖ್ಯೆ ಓದುವ ಪ್ರೋಗ್ರಾಂ ಅಂದೆನಲ್ಲ, ಅದನ್ನು ಬ್ರೇಕ್‌ಪಾಯಿಂಟ್‌ನಲ್ಲಿ ನಿಲ್ಲಿಸಿದರೆ ತೂಕದ ಯಂತ್ರ ಕಾಯಲ್ಲ. ಅದು ತನ್ನ ಪಾಡಿಗೆ ಸಂಖ್ಯೆ ಕಳಿಸ್ತಾನೇ ಇರುತ್ತೆ. ಬಫರ್ ತುಂಬಿ ಚೆಲ್ಲುತ್ತೆ. ನೀವು ಮುಂದುವರಿಸಿದಾಗ ಅರ್ಧ ಸಂಖ್ಯೆ ಬಂದು, ಮೊದಲಿದ್ದ ತಪ್ಪಿನ ಜೊತೆಗೆ ಹೊಸ ತಪ್ಪೊಂದು ಕಾಣಿಸಿಕೊಳ್ಳುತ್ತೆ. ಇಂಥ ಕಡೆ ನಿಲ್ಲಿಸದೆ ಬರೆದುಕೊಂಡು ಹೋಗುವ ಸೌಲಭ್ಯ ಇರುವ ಸಲಕರಣೆ ಬೇಕು. ವಿಷುಯಲ್ ಸ್ಟುಡಿಯೋದಲ್ಲಿ ಅದಕ್ಕೆ ಟ್ರೇಸ್‌ಪಾಯಿಂಟ್ ಅಂತಾರೆ, ಜಿಡಿಬಿಯಲ್ಲಿ ಡಿಪ್ರಿಂಟ್‌ಎಫ್. ‘ಓಟಿ ಪೂರ್ಣಾಂಕ ಅಲ್ಲದಿದ್ದಾಗ ಮಾತ್ರ ನಿಲ್ಲು’ ಅಂತ ಷರತ್ತು ಹಾಕಿದ ಬ್ರೇಕ್‌ಪಾಯಿಂಟ್ ಕೂಡ ಉಪಯೋಗಕ್ಕೆ ಬರುತ್ತೆ. ಸಾವಿರ ಚೀಲದಲ್ಲಿ ಒಂದು ಚೀಲಕ್ಕೆ ಬರುವ ತಪ್ಪನ್ನು ಬೇರೆ ಹೇಗೆ ಹಿಡಿಯೋಕಾಗುತ್ತೆ?

ಒಂದು ಸಲ ಬಂದು ಮತ್ತೆ ಬರದ ತಪ್ಪಿಗೆ ಆರ್‌ಆರ್ ಅನ್ನೋ ಸಲಕರಣೆ ಇದೆ, ಮೊಜಿಲ್ಲಾದಲ್ಲಿ ಹುಟ್ಟಿದ್ದು, ಲಿನಕ್ಸ್‌ಗೆ ಮಾತ್ರ. ಪ್ರೋಗ್ರಾಂ ಓಡಿದ್ದನ್ನು ರೆಕಾರ್ಡ್ ಮಾಡಿಕೊಂಡು ಆಮೇಲೆ ಜಿಡಿಬಿಯಲ್ಲಿ ಹಿಂದಕ್ಕೂ ನಡೆಸಬಹುದು. ಕ್ರಿಕೆಟ್ ರೀಪ್ಲೇ ಥರ. ಆದರೆ ಅದಕ್ಕೆ ಪ್ರೊಸೆಸರ್‌ನ ಒಳಗಿನ ಎಣಿಕೆಗಳು ಸಿಗಬೇಕು. ಎಷ್ಟೋ ಕ್ಲೌಡ್ ಯಂತ್ರಗಳಲ್ಲಿ ಅದನ್ನು ಮುಚ್ಚಿಟ್ಟಿರ್ತಾರೆ. ನಿಮ್ಮದೇ ಲ್ಯಾಪ್‌ಟಾಪ್‌ನಲ್ಲಿ ಪ್ರಯತ್ನಿಸಿ.

ದೊಡ್ಡಪ್ಪನ ಬಿಲ್ ಏನಾಯ್ತು ಅಂತ ಕೇಳ್ತೀರಿ. ವೇರಿಯಬಲ್ ಅನ್ನು ಡೆಸಿಮಲ್ ಮಾಡಿದ ಮೇಲೆ ಆ ಹುಡುಗರು ಆ ಕೊಯ್ಲಿನ ಎಲ್ಲಾ ಬಿಲ್‌ಗಳನ್ನೂ ನಕಲು ಡೇಟಾಬೇಸ್‌ನಲ್ಲಿ ಮತ್ತೆ ಲೆಕ್ಕ ಹಾಕಿಸಿದರು. ವ್ಯತ್ಯಾಸ ಬಂದವರ ಪಟ್ಟಿ ಎರಡು ಪುಟ ಆಯ್ತು. ಅಂಗಡಿಯವರು ಒಬ್ಬೊಬ್ಬರಿಗೇ ಫೋನ್ ಮಾಡಿ ದುಡ್ಡು ಕೊಟ್ಟರು. ಕಡಿಮೆ ಬಂದಿದ್ದು ತಿಳಿಯದೇ ಇದ್ದವರೇ ಜಾಸ್ತಿ ಇದ್ದರಂತೆ.

ಕೊನೆಗೆ, ಆಫೀಸಿನಲ್ಲಿ ಡೇಟಾಬೇಸ್ ಡಿಬಗ್ಗರ್ ಬೇಕು ಅಂತ ಡಿಬಿಎಗೆ ಮೇಲ್ ಹಾಕುವವರಿಗೆ ಒಂದು ಮಾತು. ‘ಪ್ಲೀಸ್ ಗಿವ್ ಡಿಬಗ್ ಆಕ್ಸೆಸ್’ ಅಂತ ಒಂದು ಸಾಲು ಬರೆದರೆ ಉತ್ತರ ಬರಲ್ಲ, ಬಂದರೂ ‘ಆಗಲ್ಲ’ ಅಂತ ಬರುತ್ತೆ. ಯಾವ ನಕಲು ಡೇಟಾಬೇಸ್, ಯಾವ ಪ್ರೊಸೀಜರ್, ಎಷ್ಟು ದಿನಕ್ಕೆ, ನಿಮ್ಮ ಲ್ಯಾಪ್‌ಟಾಪ್‌ನ ವಿಪಿಎನ್ ವಿಳಾಸ ಯಾವುದು ಅಂತ ಬರೆಯಿರಿ. ಆರಕಲ್ ಆದರೆ ‘ಡಿಬಗ್ ಕನೆಕ್ಟ್ ಸೆಷನ್’ ಅನುಮತಿ, ಆ ಪ್ರೊಸೀಜರ್ ಮೇಲೆ ಡಿಬಗ್ ಅನುಮತಿ, ನಿಮ್ಮ ವಿಳಾಸಕ್ಕೆ ಜೆಡಿಡಬ್ಲ್ಯುಪಿ ಪರವಾನಗಿ ಅಂತ ಮೂರನ್ನೂ ಹೆಸರು ಹಿಡಿದು ಕೇಳಿ. ಪೋಸ್ಟ್‌ಗ್ರೆಸ್ ಆದರೆ ಸರ್ವರ್ ಮರುಪ್ರಾರಂಭಕ್ಕೆ ಅವರಿಗೆ ಅನುಕೂಲವಾದ ಸಮಯವನ್ನು ಅವರೇ ಹೇಳಲಿ. ಮಧ್ಯಾಹ್ನ ಊಟದ ಹೊತ್ತಿಗೆ ಕಳಿಸಬೇಡಿ, ಶುಕ್ರವಾರ ಸಂಜೆಯಂತೂ ಬೇಡವೇ ಬೇಡ.